ಕಣ್ಣಲ್ಲಿ ನೀರು ಸುರಿಯುತ್ತಿದೆಯೇ? ಆದರೂ ಅದು ‘ಡ್ರೈ ಐ’ ಆಗಿರಬಹುದು

“ಕಣ್ಣಾಗ ಉಸುಕು ಬಿದ್ಹಂಗ ಆಗತೈತಿ, ಗಾಳಿ ಬಡದ್ರ ಸಾಕು ನೀರು ಸೋರತಾವ.” ಗದಗ ಪಟ್ಟಣಕ್ಕೆ ಹತ್ತಿರದ ಕಳಸಾಪುರದಂಥ ಊರುಗಳಲ್ಲಿ, ಅದರಲ್ಲೂ ಹಿಂಗಾರಿ ಜೋಳ, ಕಡಲೆ ರಾಶಿಯ ದಿನಗಳಲ್ಲಿ, ವಯಸ್ಸಾದವರ ಬಾಯಲ್ಲಿ ಈ ಮಾತು ಮಾಮೂಲು. ಇಂಥವರನ್ನು ಪರೀಕ್ಷಿಸಿದ ಡಾಕ್ಟರು “ನಿಮ್ಮ ಕಣ್ಣು ಒಣಗಿದೆ” ಎಂದರೆ ಮನೆಯವರಿಗೆ ನಗು ಬರುತ್ತದೆ. ಸೆರಗಿನಿಂದ, ಟವೆಲ್ಲಿನಿಂದ ದಿನವಿಡೀ ಕಣ್ಣೊರೆಸಿಕೊಳ್ಳುವವರ ಕಣ್ಣು ಒಣಗುವುದು ಹೇಗೆ?

ಈ ಅನುಮಾನದ ಸಂದಿಯಲ್ಲೇ ವಾಟ್ಸಾಪ್ ಫಾರ್ವರ್ಡ್ ನುಸುಳುತ್ತದೆ. ನೀರು ಬಂದರೆ ಅದು ಒಣಗಣ್ಣಲ್ಲ, ‘ಕಣ್ಣಿನ ಉಷ್ಣ’ ಎನ್ನುತ್ತದೆ ಒಂದು. ಔಡಲ ಎಣ್ಣೆ ಬಿಡಿ, ಜೇನು ಹಚ್ಚಿ ಎನ್ನುತ್ತದೆ ಇನ್ನೊಂದು. ಇವುಗಳಲ್ಲಿ ಎಷ್ಟು ನಿಜ ಎಂದು ನೋಡೋಣ. ಆದರೆ ನಮಗೆ ಹೆಚ್ಚು ಚಿಂತೆ ಇರುವುದು ಫಾರ್ವರ್ಡಿನ ಬಗ್ಗೆ ಅಲ್ಲ, ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಒಂದು ಪುಟ್ಟ ಬಾಟಲಿಯ ಬಗ್ಗೆ. ಅಲ್ಲಿಗೂ ಬರುತ್ತೇವೆ.

ಉಳ್ಳಾಗಡ್ಡಿ ಕಣ್ಣೀರು, ನಿಜವಾದ ಕಣ್ಣೀರು

ಕಣ್ಣೀರೆಂದರೆ ಬರೀ ನೀರಲ್ಲ. ಕಣ್ಣಿನ ಮೇಲೆ ಸದಾ ಹರಡಿಕೊಂಡಿರುವ ತೇವದ ಪದರದ ದಪ್ಪ ಹೆಚ್ಚುಕಡಿಮೆ 3 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಸಾವಿರ ಭಾಗದಲ್ಲಿ ಮೂರು. ಅಷ್ಟು ತೆಳುವಾದ ಪದರದಲ್ಲೇ ಮೂರು ವಸ್ತುಗಳಿವೆ. ತಳದಲ್ಲಿ ಲೋಳೆಯಂಥ ಮ್ಯೂಸಿನ್, ಅದು ನೀರನ್ನು ಕಣ್ಣಿಗೆ ಅಂಟಿಸಿ ಹಿಡಿಯುತ್ತದೆ. ನಡುವೆ ಉಪ್ಪು, ಪ್ರೊಟೀನು ಬೆರೆತ ನೀರು. ಮೇಲೆ ಎಣ್ಣೆಯ ಪೊರೆ. ಎಣ್ಣೆ ತೇಲುವ ಸಾರು ಬೇಗ ಆರುವುದಿಲ್ಲವಲ್ಲ, ಹಾಗೆಯೇ ಈ ಪೊರೆ ಕಣ್ಣಿನ ನೀರು ಆವಿಯಾಗದಂತೆ ಮುಚ್ಚಿಡುತ್ತದೆ. ಆ ಎಣ್ಣೆ ಬರುವುದು ರೆಪ್ಪೆಯಂಚಿನ ಮೈಬೋಮಿಯನ್ ಗ್ರಂಥಿಗಳಿಂದ. ಮೇಲಿನ ರೆಪ್ಪೆಯಲ್ಲಿ ಸುಮಾರು 25ರಿಂದ 40, ಕೆಳಗಿನದರಲ್ಲಿ 20ರಿಂದ 30 ಗ್ರಂಥಿಗಳು ಸಾಲಾಗಿ ಕೂತಿರುತ್ತವೆ.

ಈಗ ಉಳ್ಳಾಗಡ್ಡಿ ಹೆಚ್ಚುವುದನ್ನು ನೆನೆಯಿರಿ. ಅದರಿಂದೇಳುವ ಗಂಧಕದ ಅನಿಲ ಕಣ್ಣಿನ ನರವನ್ನು ಕೆರಳಿಸುತ್ತದೆ. “ಏನೋ ಬಿತ್ತು, ತೊಳೆದುಬಿಡು” ಎಂದು ಮಿದುಳು ಹೇಳುತ್ತದೆ, ಮೇಲ್ಭಾಗದ ಅಶ್ರುಗ್ರಂಥಿ ನೀರು ಸುರಿಸುತ್ತದೆ. ಇದು ತೊಳೆಯಲು ಬಂದ ನೀರು. ಇದರಲ್ಲಿ ಎಣ್ಣೆ, ಲೋಳೆಯ ಪಾಲು ಕಡಿಮೆ, ಹಾಗಾಗಿ ಕಣ್ಣಿನ ಮೇಲೆ ನಿಲ್ಲದೆ ಕೆನ್ನೆಗಿಳಿಯುತ್ತದೆ.

ಒಣಗಣ್ಣಿನಲ್ಲಿ ಆಗುವುದೂ ಇದೇ. ಪದರ ಅಲ್ಲಲ್ಲಿ ಹರಿದು ಕಣ್ಣಿನ ಮೇಲ್ಮೈ ಗಾಳಿಗೆ ಬೀಳುತ್ತದೆ, ನರ ಕೆರಳುತ್ತದೆ, ನೀರು ಸುರಿಯುತ್ತದೆ, ಸುರಿದ ನೀರು ಹರಿದುಹೋಗುತ್ತದೆ, ಕಣ್ಣು ಮತ್ತೆ ಒಣಗುತ್ತದೆ. ಕಾದು ಬಿರುಕುಬಿಟ್ಟ ಎರೆಹೊಲಕ್ಕೆ ಹತ್ತು ನಿಮಿಷದ ರಭಸದ ಮಳೆ ಬಂದಂತೆ ಎನ್ನಬಹುದು. ಆದ್ದರಿಂದ “ನೀರು ಬಂದರೆ ಒಣಗಣ್ಣಲ್ಲ” ಎಂಬುದು ತಪ್ಪು. ಹಾಗೆಂದು ನೀರು ಸೋರುವ ಕಣ್ಣೆಲ್ಲ ಒಣಗಣ್ಣೂ ಅಲ್ಲ. ಮೂಗಿಗೆ ನೀರಿಳಿಯುವ ನಾಳ ಕಟ್ಟಿದ್ದರೂ, ಅಲರ್ಜಿಯಿದ್ದರೂ, ಕೂದಲು ಒಳಕ್ಕೆ ತಿರುಗಿ ಚುಚ್ಚುತ್ತಿದ್ದರೂ ನೀರು ಬರುತ್ತದೆ. ಯಾವುದೆಂದು ಹೇಳಲು ಕಣ್ಣನ್ನು ನೋಡಲೇಬೇಕು.

ಗಾಳಿ, ವಯಸ್ಸು, ಫೋನು

ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ನಿಂತಿರುವುದು ಸುಮ್ಮನೆ ಅಲ್ಲ, ಈ ಸೀಮೆಯಲ್ಲಿ ಗಾಳಿ ಅಷ್ಟಿದೆ. ಒಣ ಗಾಳಿ, ರಾಶಿಯ ದೂಳು, ಕಟ್ಟಿಗೆ ಒಲೆಯ ಹೊಗೆ, ಬೈಕಿನಲ್ಲಿ ಕನ್ನಡಕವಿಲ್ಲದೆ ಗದಗಕ್ಕೆ ಹೋಗಿಬರುವುದು, ಇವೆಲ್ಲ ಕಣ್ಣಿನ ತೇವವನ್ನು ಬೇಗ ಆರಿಸುತ್ತವೆ. ಬೇಸಿಗೆಯಲ್ಲಿ ಮುಖಕ್ಕೇ ಹಿಡಿದಿಟ್ಟ ಟೇಬಲ್ ಫ್ಯಾನೂ ಕಡಿಮೆಯದಲ್ಲ.

ಇನ್ನೊಂದು ಕಾರಣ ನಿಮ್ಮ ಕೈಯಲ್ಲೇ ಇದೆ. ಸಾಮಾನ್ಯವಾಗಿ ನಾವು ನಿಮಿಷಕ್ಕೆ 15ರಿಂದ 20 ಸಲ ರೆಪ್ಪೆ ಬಡಿಯುತ್ತೇವೆ. ಫೋನು ನೋಡುವಾಗ ಅದು ಅರ್ಧಕ್ಕೂ ಕೆಳಗಿಳಿಯುತ್ತದೆ, ಬಡಿದರೂ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ. ಪ್ರತಿ ಸಲ ರೆಪ್ಪೆ ಕೂಡಿದಾಗಲೇ ಗ್ರಂಥಿಯಿಂದ ಎಣ್ಣೆ ಹೊರಬಂದು ಹರಡುವುದು. ಬೆಟಗೇರಿಯ ಮಗ್ಗದಲ್ಲಿ ಎಳೆಯ ಮೇಲೆ ದೃಷ್ಟಿ ನೆಟ್ಟು ನೇಯುವವರಿಗೂ, ಹೊಲಿಗೆಯವರಿಗೂ ಇದೇ ಪಾಡು. ಅಂದಹಾಗೆ, ಇದಕ್ಕೆ ಪರಿಹಾರವೆಂದು ಮಾರುವ ‘ಬ್ಲೂ ಲೈಟ್’ ಕನ್ನಡಕಕ್ಕೆ ಹಣ ಸುರಿಯಬೇಡಿ. 17 ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2023ರ ಕಾಕ್ರೇನ್ ವಿಮರ್ಶೆಯಲ್ಲಿ, ಪರದೆ ನೋಡಿ ಬರುವ ಕಣ್ಣಿನ ಆಯಾಸ ಅದರಿಂದ ತಗ್ಗೀತು ಎನ್ನಲು ಆಧಾರ ಸಿಕ್ಕಿಲ್ಲ.

ವಯಸ್ಸಾದಂತೆ ಗ್ರಂಥಿಗಳು ಸೊರಗುತ್ತವೆ. ಮುಟ್ಟು ನಿಂತ ಹೆಂಗಸರಲ್ಲಿ ತೊಂದರೆ ಹೆಚ್ಚು. ಸಕ್ಕರೆ ಕಾಯಿಲೆ, ಥೈರಾಯ್ಡ್ ಇದ್ದವರಿಗೂ ಬರುತ್ತದೆ. ನೆಗಡಿ, ಅಲರ್ಜಿಯ ಮಾತ್ರೆಗಳು, ಖಿನ್ನತೆಯ ಕೆಲವು ಮಾತ್ರೆಗಳು ಕಣ್ಣೀರನ್ನು ಕಡಿಮೆ ಮಾಡಬಲ್ಲವು. ನೀವು ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿಯನ್ನು ಡಾಕ್ಟರಿಗೆ ತೋರಿಸಿ, ಆದರೆ ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ.

ಪೊರೆಯ ಆಪರೇಷನ್ ಮಾಡಿಸಿಕೊಂಡ ಹಿರಿಯರ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಆಪರೇಷನ್ ಆದ ಕೆಲವು ವಾರ, ತಿಂಗಳು ಕಣ್ಣು ಚುಚ್ಚುವುದು, ಉಸುಕು ಬಿದ್ದಂತಾಗುವುದು ಹಲವರಿಗೆ ಉಂಟು. ಕಣ್ಣಿನ ಮೇಲ್ಮೈಯ ಸಣ್ಣ ನರಗಳಿಗೆ ಗಾಯದಿಂದ ಪೆಟ್ಟಾಗಿರುತ್ತದೆ, ಹಾಕುವ ಹನಿಗಳಿಂದಲೂ ಒಣಗುತ್ತದೆ. ಆದರೆ ಮನೆಯಲ್ಲಿ “ಆಪರೇಷನ್ ಕೆಟ್ಟಿತು” ಎಂಬ ಮಾತು ಹುಟ್ಟಿಕೊಂಡು, ಮುತ್ಯಾ ಎರಡನೇ ಕಣ್ಣಿನ ಆಪರೇಷನ್ ಬೇಡವೇ ಬೇಡ ಅಂದುಬಿಡುತ್ತಾನೆ. ಒಣಗಣ್ಣಿಗೆ ಹೆದರಿ ಪೊರೆಗಣ್ಣು ಹಾಗೇ ಉಳಿಯುತ್ತದೆ. ಹಾಗಾದಾಗ ಆಪರೇಷನ್ ಮಾಡಿದವರಿಗೇ ಮೊದಲು ತೋರಿಸಿ. ಆಪರೇಷನ್ ಆದ ಮೊದಲ ದಿನಗಳಲ್ಲಿ ನೋವು ಏರುತ್ತಿದ್ದರೆ, ದೃಷ್ಟಿ ಮಂಕಾಗುತ್ತಿದ್ದರೆ ಅದು ಸೋಂಕಾಗಿರಬಹುದು, ಅವತ್ತೇ ಹೋಗಿ.

ಪರೀಕ್ಷೆಯಲ್ಲಿ ಏನು ಮಾಡುತ್ತಾರೆ?

ಹೆದರುವಂಥದ್ದೇನಿಲ್ಲ, ಸೂಜಿಯ ಮಾತೇ ಇಲ್ಲ. ಹಳದಿ ಬಣ್ಣವಿರುವ ಕಾಗದದ ತುದಿಯನ್ನು ಕಣ್ಣಿಗೆ ಮುಟ್ಟಿಸಿ, ಸ್ಲಿಟ್ ಲ್ಯಾಂಪ್ ಯಂತ್ರದಲ್ಲಿ ನೀಲಿ ಬೆಳಕು ಬಿಡುತ್ತಾರೆ. ರೆಪ್ಪೆ ಬಡಿಯದೆ ನೋಡಿ ಎನ್ನುತ್ತಾರೆ. ಹಸಿರಾಗಿ ಹೊಳೆಯುವ ಪದರದಲ್ಲಿ ಎಷ್ಟು ಸೆಕೆಂಡಿಗೆ ಕಪ್ಪು ಮಚ್ಚೆ ಮೂಡುತ್ತದೆ ಎಂದು ಎಣಿಸುತ್ತಾರೆ. 10 ಸೆಕೆಂಡಿಗಿಂತ ಮೊದಲೇ ಪದರ ಒಡೆದರೆ ಅದು ಗಟ್ಟಿಯಿಲ್ಲ ಎಂದರ್ಥ. ಕೆಲವರಿಗೆ ಶಿರ್ಮರ್ ಪರೀಕ್ಷೆಯೂ ಆಗುತ್ತದೆ. ಸಣ್ಣ ಹೀರುಕಾಗದದ ಪಟ್ಟಿಯನ್ನು ಕೆಳರೆಪ್ಪೆಗೆ ಸಿಕ್ಕಿಸಿ 5 ನಿಮಿಷ ಬಿಟ್ಟು, ಎಷ್ಟು ಮಿಲಿಮೀಟರ್ ಒದ್ದೆಯಾಯಿತು ಎಂದು ಅಳೆಯುವುದು. 5 ಮಿಲಿಮೀಟರಿಗಿಂತ ಕಡಿಮೆಯಾದರೆ ನೀರಿನ ಕೊರತೆ ತೀವ್ರವಾಗಿದೆ ಎಂದು ಲೆಕ್ಕ.

ರೆಪ್ಪೆಯಂಚನ್ನು ಮೆಲ್ಲಗೆ ಒತ್ತಿಯೂ ನೋಡುತ್ತಾರೆ. ಸರಿಯಿದ್ದರೆ ಶೇಂಗಾ ಎಣ್ಣೆಯಂತೆ ತಿಳಿಯಾದ ಹನಿ ಬರುತ್ತದೆ. ಗ್ರಂಥಿ ಕಟ್ಟಿದ್ದರೆ ಚಳಿಗಾಲದ ತುಪ್ಪದಂತೆ ಗಟ್ಟಿಯಾಗಿ ಬರುತ್ತದೆ, ಅಥವಾ ಬರುವುದೇ ಇಲ್ಲ. ಒಣಗಣ್ಣಿನವರಲ್ಲಿ ಹೆಚ್ಚಿನವರ ಕಥೆ ಈ ಎಣ್ಣೆಯ ಕೊರತೆಯದೇ.

ಕಣ್ಣಿನ ಜೊತೆಗೆ ಬಾಯಿಯೂ ಒಣಗಿ, ಮೆತ್ತನೆಯ ರೊಟ್ಟಿಯನ್ನೂ ನೀರು ಕುಡಿಯದೆ ನುಂಗಲಾಗದಿದ್ದರೆ, ಕೀಲು ನೋವೂ ಇದ್ದರೆ ಅದನ್ನು ಹೇಳಲೇಬೇಕು. ಶೋಗ್ರೆನ್ ಸಿಂಡ್ರೋಮ್ ಎಂಬ ರೋಗದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಕಣ್ಣೀರು, ಜೊಲ್ಲಿನ ಗ್ರಂಥಿಗಳ ಮೇಲೆ ಬೀಳುತ್ತದೆ. ಇದು ಹೆಚ್ಚಾಗಿ ನಡುವಯಸ್ಸಿನ ಹೆಂಗಸರಿಗೆ ಬರುತ್ತದೆ, ರಕ್ತ ಪರೀಕ್ಷೆ ಬೇಕಾಗುತ್ತದೆ.

ಆ ಪುಟ್ಟ ಬಾಟಲಿ

ಕಣ್ಣು ಕೆಂಪಾಗಿದೆ ಎಂದು ಅಂಗಡಿಯಲ್ಲಿ ಕೇಳಿದರೆ ಕೆಲವೊಮ್ಮೆ ಕೈಗೆ ಬರುವುದು ಸ್ಟೀರಾಯ್ಡ್ ಇರುವ ಹನಿ. ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್ ಎಂದಿರುತ್ತದೆ, ಎಷ್ಟೋ ಸಲ ಆಂಟಿಬಯಾಟಿಕ್ ಜೊತೆ ಸೇರಿರುತ್ತದೆ. ಹಾಕಿದ ಎರಡೇ ದಿನಕ್ಕೆ ಕಣ್ಣು ಬೆಳ್ಳಗಾಗುತ್ತದೆ, ಉರಿ ಮಾಯ. ತೊಂದರೆ ಶುರುವಾಗುವುದು ಆ ಸುಖದಿಂದಲೇ. ಬಾಟಲಿ ಮುಗಿದಾಗ ಇನ್ನೊಂದು, ಅದು ಮುಗಿದಾಗ ಮತ್ತೊಂದು, ಅಕ್ಕಪಕ್ಕದ ಮನೆಗೂ ಎರಡು ಹನಿ.

ವಾರಗಟ್ಟಲೆ ಹಾಕಿದರೆ ಸುಮಾರು ಮೂವರಲ್ಲಿ ಒಬ್ಬರಿಗೆ ಕಣ್ಣಿನೊಳಗಿನ ಒತ್ತಡ ಏರುತ್ತದೆ. ನೋವಿಲ್ಲ, ಸುಳಿವಿಲ್ಲ. ಏರಿದ ಒತ್ತಡ ಹಾಗೇ ಉಳಿದರೆ ಗ್ಲಾಕೋಮಾ ಆಗಿ ನೋಟದ ಅಂಚುಗಳಿಂದ ಕುರುಡು ಹರಡುತ್ತ ಬರುತ್ತದೆ, ಹೋದ ದೃಷ್ಟಿ ಮರಳುವುದಿಲ್ಲ. ಪೊರೆಯೂ ಬೇಗ ಬೆಳೆಯುತ್ತದೆ. ಹೊಲದವರಿಗೆ ಇನ್ನೂ ದೊಡ್ಡ ಅಪಾಯವಿದೆ. ಜೋಳದ ಗರಿ, ಹೊಟ್ಟು, ರವದೆ ತಾಗಿ ಗೀರಿದ ಕಣ್ಣಿನಲ್ಲಿ ಶಿಲೀಂಧ್ರದ ಹುಣ್ಣಾಗಬಹುದು. ಅದಕ್ಕೆ ಸ್ಟೀರಾಯ್ಡ್ ಹಾಕಿದರೆ ಕೆಂಪು ತಗ್ಗಿದಂತೆ ಕಂಡರೂ ಹುಣ್ಣು ಒಳಗೆ ಹಬ್ಬುತ್ತಲೇ ಇರುತ್ತದೆ.

ಡಾಕ್ಟರುಗಳೇ ಒಣಗಣ್ಣಿಗೆ ಇಂಥ ಹನಿಯನ್ನು ಕೆಲವು ದಿನಕ್ಕೆ ಬರೆದುಕೊಡುವುದುಂಟು. ಆದರೆ ಅವರು ಒತ್ತಡ ಅಳೆಯುತ್ತಾರೆ, ಯಾವಾಗ ನಿಲ್ಲಿಸಬೇಕೆಂದು ಹೇಳುತ್ತಾರೆ. ಗುರುತಿಗೆ ಒಂದು ಉಪಾಯ: ಚೀಟಿ ಇಲ್ಲದೆ ಮಾರಬಾರದ ಔಷಧಿಯ ಲೇಬಲ್ಲಿನ ಎಡಬದಿಯಲ್ಲಿ ಉದ್ದಕ್ಕೆ ಕೆಂಪು ಗೆರೆ ಇರುತ್ತದೆ. ಮನೆಯಲ್ಲಿರುವ ಬಾಟಲಿ, ಡಬ್ಬಿಯನ್ನು ಈಗಲೇ ತಿರುಗಿಸಿ ನೋಡಿ.

ಔಡಲ ಎಣ್ಣೆ, ಜೇನು, ಅಗಸಿ

ಔಡಲ ಎಣ್ಣೆಯ ಫಾರ್ವರ್ಡಿನಲ್ಲಿ ಕಾಲುಭಾಗ ಸತ್ಯವಿದೆ. ಒಣಗಣ್ಣಿಗೆಂದು ಕಂಪನಿಗಳು ಮಾಡುವ ಕೆಲವು ಹನಿಗಳಲ್ಲಿ ಈ ಎಣ್ಣೆ ನಿಜಕ್ಕೂ ಇದೆ, ಅತಿ ಸಣ್ಣ ಪ್ರಮಾಣದಲ್ಲಿ, ಕ್ರಿಮಿರಹಿತವಾಗಿ. ಗಾಣದಿಂದ ತಂದು ಅಡುಗೆಮನೆಯ ಸೀಸೆಯಲ್ಲಿಟ್ಟ ಎಣ್ಣೆ ಅದಲ್ಲ. ಜೇನು, ಹಾಲು, ನಂದಿಬಟ್ಟಲ ಹೂವಿನ ರಸಕ್ಕೂ ಇದೇ ಮಾತು. ಕಪ್ಪತಗುಡ್ಡ ಔಷಧಿ ಸಸ್ಯಗಳಿಗೆ ಹೆಸರಾದ ಗುಡ್ಡ, ನಮಗೂ ಅಭಿಮಾನವಿದೆ. ಆದರೆ ಹೊಟ್ಟೆಗೆ ಹೋದ ಕ್ರಿಮಿಯನ್ನು ಜಠರದ ಆಮ್ಲ ಕೊಲ್ಲುತ್ತದೆ, ಕಣ್ಣಿಗೆ ಅಂಥ ಕಾವಲಿಲ್ಲ. ಕಾರ್ಖಾನೆಯ ಬಾಟಲಿಯೇ ಮಲಿನವಾದರೂ ಏನಾಗುತ್ತದೆ ಎಂಬುದಕ್ಕೆ 2023ರ ಅಮೆರಿಕದ ಪ್ರಕರಣವೇ ಸಾಕ್ಷಿ. ಕೃತಕ ಕಣ್ಣೀರಿನ ಹನಿಗೆ ನಂಟಾದ ಬ್ಯಾಕ್ಟೀರಿಯಾ ಸೋಂಕಿನಲ್ಲಿ 81 ಜನ ಸಿಕ್ಕಿಬಿದ್ದರು, 14 ಜನ ದೃಷ್ಟಿ ಕಳೆದುಕೊಂಡರು, ನಾಲ್ವರು ಸತ್ತರು.

ಅಗಸಿ, ಮೀನೆಣ್ಣೆಯ ಒಮೆಗಾ-3ರಿಂದ ಒಣಗಣ್ಣು ವಾಸಿ ಎಂಬ ಮಾತನ್ನು ಡಾಕ್ಟರುಗಳೂ ಬಹಳ ದಿನ ನಂಬಿದ್ದರು. 2018ರಲ್ಲಿ ಪ್ರಕಟವಾದ ‘ಡ್ರೀಮ್’ ಅಧ್ಯಯನದಲ್ಲಿ 535 ಜನರಿಗೆ ಒಂದು ವರ್ಷ ಮೀನೆಣ್ಣೆಯ ಒಮೆಗಾ-3 ಅಥವಾ ಆಲಿವ್ ಎಣ್ಣೆಯ ಗುಳಿಗೆ ಕೊಟ್ಟು ನೋಡಿದರು. ಎರಡೂ ಗುಂಪಿಗೆ ಹೆಚ್ಚುಕಡಿಮೆ ಒಂದೇ ಆರಾಮ ಸಿಕ್ಕಿತು. ಅಗಸಿ ಚಟ್ನಿಯನ್ನು ರೊಟ್ಟಿಗೆ ಹಚ್ಚಿಕೊಂಡು ರುಚಿಗಾಗಿ ತಿನ್ನಿ, ಕಣ್ಣಿನ ಔಷಧಿಯೆಂದು ಎಣಿಸಬೇಡಿ. ಗಜ್ಜರಿಯೂ ಅಷ್ಟೇ. ವಿಟಮಿನ್ ಎ ಕೊರತೆಯಿಂದ ಇರುಳುಗಣ್ಣು ಬಂದು ಕಣ್ಣು ಒಣಗಿದ ಮಕ್ಕಳಿಗೆ ಆ ವಿಟಮಿನ್ ಬೇಕೇ ಬೇಕು, ಅದೂ ತಡಮಾಡದೆ, ಔಷಧಿಯ ರೂಪದಲ್ಲಿ. ಕೊರತೆಯಿಲ್ಲದ ದೊಡ್ಡವರಿಗೆ ಅದರಿಂದ ಒಣಗಣ್ಣು ಇಳಿಯದು.

ಹಾಗಾದರೆ ಚಿಕಿತ್ಸೆ?

ಮೊದಲನೆಯದು ಖರ್ಚಿಲ್ಲದ್ದು: ಶಾಖ. ಸ್ವಚ್ಛ ಬಟ್ಟೆಯನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ, ಮುಂಗೈಗೆ ತಾಗಿಸಿ ಸುಡುವುದಿಲ್ಲವೆಂದು ನೋಡಿ, ಮುಚ್ಚಿದ ಕಣ್ಣಿನ ಮೇಲೆ 5ರಿಂದ 10 ನಿಮಿಷ ಇಡಬೇಕು. ಬಟ್ಟೆ ಒಂದೆರಡು ನಿಮಿಷಕ್ಕೇ ಆರುತ್ತದೆ, ಮತ್ತೆ ಮತ್ತೆ ಅದ್ದಬೇಕು. ಹೆಚ್ಚಿನವರು ಸೋಲುವುದು ಇಲ್ಲೇ. ಗಟ್ಟಿಯಾದ ತುಪ್ಪ ಕರಗಿದ ಮೇಲೆ ಮೇಲಿನ ರೆಪ್ಪೆಯನ್ನು ಕೆಳಕ್ಕೆ, ಕೆಳಗಿನದನ್ನು ಮೇಲಕ್ಕೆ ಬೆರಳಿನಿಂದ ಹಗುರಾಗಿ ಸವರಿ. ವಾರಗಟ್ಟಲೆ ದಿನಾ ಮಾಡಿದರೆ ಮಾತ್ರ ಫಲ.

ಎರಡನೆಯದು ಕೃತಕ ಕಣ್ಣೀರು. ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್ ಎಂದು ಬರೆದ ಹನಿ ಇವುಗಳಲ್ಲಿ ಸಾಮಾನ್ಯವಾದದ್ದು, ಜನೌಷಧಿ ಕೇಂದ್ರದಲ್ಲೂ ಕೇಳಿ ನೋಡಿ. ಇದರಲ್ಲಿ ಸ್ಟೀರಾಯ್ಡ್ ಇಲ್ಲ, ಚಟವೂ ಆಗುವುದಿಲ್ಲ. ದಿನಕ್ಕೆ ನಾಲ್ಕಾರು ಸಲಕ್ಕಿಂತ ಹೆಚ್ಚು ಬೇಕಾದರೆ ಸಂರಕ್ಷಕ ಇಲ್ಲದ್ದನ್ನು ಕೇಳಿ, ಏಕೆಂದರೆ ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬ ಸಂರಕ್ಷಕವೇ ಕಣ್ಣಿನ ಮೇಲ್ಮೈಯನ್ನು ಕೆರಳಿಸಬಲ್ಲದು. ಬಾಟಲಿಯ ತುದಿ ರೆಪ್ಪೆಗೆ ತಾಗಬಾರದು. ಲೇಬಲ್ಲಿನಲ್ಲಿ ಬೇರೆ ಸೂಚನೆ ಇಲ್ಲದಿದ್ದರೆ, ತೆರೆದ ಬಾಟಲಿಯನ್ನು ತಿಂಗಳಿಗೆ ಎಸೆಯಿರಿ, ಅರ್ಧ ಉಳಿದಿದ್ದರೂ.

ಇಷ್ಟಕ್ಕೂ ಬಗ್ಗದಿದ್ದರೆ ಒಳಗಿನ ಉರಿಯೂತವನ್ನು ತಗ್ಗಿಸುವ ಸೈಕ್ಲೋಸ್ಪೊರಿನ್ ಹನಿಯಿದೆ, ಪರಿಣಾಮ ಕಾಣಲು ತಿಂಗಳುಗಳೇ ಬೇಕು. ಕಣ್ಣೀರು ಮೂಗಿಗೆ ಇಳಿಯುವ ಸಣ್ಣ ತೂತಿಗೆ ಬಿರಡೆ ಹಾಕಿ ತೇವವನ್ನು ಉಳಿಸುವ ವಿಧಾನವೂ ಇದೆ. ಬಹುತೇಕರಿಗೆ ಇದು ಸಕ್ಕರೆ ಕಾಯಿಲೆಯಂತೆ ಹತೋಟಿಯಲ್ಲಿಡುವ ತೊಂದರೆ, “ಏಳು ದಿನದಲ್ಲಿ ಮಾಯ” ಎಂದವರನ್ನು ನಂಬಬೇಡಿ.

ಕಣ್ಣಿಗೆ ಬೆಳೆಯ ಗರಿ ತಾಗಿದ್ದರೆ, ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ, ಬೆಳಕು ನೋಡಲಾಗದಷ್ಟು ನೋವಿದ್ದರೆ, ದೃಷ್ಟಿ ಏಕಾಏಕಿ ಮಂಕಾದರೆ ಶಾಖ, ಹನಿ ಎಂದು ಕೂರಬೇಡಿ. ಗದಗದ ಜಿಮ್ಸ್ ಆಸ್ಪತ್ರೆಗೋ ಹತ್ತಿರದ ಕಣ್ಣಿನ ಡಾಕ್ಟರ ಬಳಿಗೋ ಅವತ್ತೇ ಹೋಗಿ. ಕನ್ನಡಕದ ಅಂಗಡಿ ಇದಕ್ಕೆ ಸಾಲದು. ಹೋಗುವಾಗ ಇದುವರೆಗೆ ಹಾಕಿದ ಬಾಟಲಿಗಳನ್ನೆಲ್ಲ, ಖಾಲಿಯಾದದ್ದೂ ಸೇರಿ, ಚೀಲದಲ್ಲಿ ಹಾಕಿಕೊಂಡು ಹೋಗಿ.