ಸ್ಮಾರ್ಟ್‌ವಾಚ್: ಎಷ್ಟು ಗಟ್ಟಿ? ಎಷ್ಟು ಸ್ವತಂತ್ರ?

ತೋಟಕ್ಕೆ ಒಬ್ಬರೇ ಹೋಗುವ ಅಜ್ಜನಿಗೆ ಮೊಮ್ಮಕ್ಕಳು ಸ್ಮಾರ್ಟ್‌ವಾಚ್ ಕೊಡಿಸುತ್ತಾರೆ. ಕಾಲು ಜಾರಿ ಬಿದ್ದರೆ ಅದರಿಂದಲೇ ಮನೆಗೆ ಕರೆ ಮಾಡಬಹುದೆಂದು ಅವರ ನಂಬಿಕೆ. ಮೊಬೈಲನ್ನು ಮನೆಯಲ್ಲೇ ಮರೆತ ದಿನವೂ ಅದು ಕೆಲಸ ಮಾಡೀತೆ? ಮಳೆಯಲ್ಲಿ ನೆನೆದು, ಕಲ್ಲಿಗೆ ತಗುಲಿದರೂ ಉಳಿದೀತೆ? ಪೆಟ್ಟಿಗೆಯ ಮೇಲಿನ ಪದಗಳನ್ನೂ ಸಂಖ್ಯೆಗಳನ್ನೂ ಅರ್ಥಮಾಡಿಕೊಂಡರೆ ಉತ್ತರ ಬಹುಪಾಲು ಅಲ್ಲೇ ಇದೆ.

ನೀರು ಮತ್ತು ದೂಳು

ನೀರಿನಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. '5 ಎಟಿಎಂ' ಎಂದರೆ 50 ಮೀಟರ್ ಆಳದ ನಿಶ್ಚಲ ನೀರಿಗೆ ಸಮನಾದ ಒತ್ತಡವನ್ನು ಪರೀಕ್ಷೆಯಲ್ಲಿ ತಡೆದಿದೆ ಎಂದರ್ಥ. ಅಷ್ಟು ಆಳಕ್ಕೆ ಧುಮುಕಬಹುದೆಂದಲ್ಲ. ಸಾಮಾನ್ಯ ಈಜಿಗೆ ಸಾಕು. 'ಐಪಿ68'ರಲ್ಲಿ 6 ಎಂಬುದು ದೂಳು ಒಳಹೋಗದೆಂದು ಸೂಚಿಸುತ್ತದೆ. 8 ಎಂಬುದು, ತಯಾರಕರು ತಿಳಿಸಿದ ಆಳ ಮತ್ತು ಅವಧಿಗೆ ಮುಳುಗಿಸಿ ನಡೆಸಿದ ಪರೀಕ್ಷೆಯನ್ನು ಸೂಚಿಸುತ್ತದೆ. ಒಳಗಿನ ರಬ್ಬರ್ ಬಿಗಿಪಟ್ಟಿಗಳು ಕಾಲಕ್ರಮೇಣ ಸವೆಯುತ್ತವೆ. ಸಾಬೂನು ಮತ್ತು ಬಿಸಿ ಹಬೆ ಅವನ್ನು ಬೇಗ ಕೆಡಿಸುತ್ತವೆ. ಆದ್ದರಿಂದ ಹೊಸತರಲ್ಲಿದ್ದ ರಕ್ಷಣೆ ಸದಾ ಇರುವುದಿಲ್ಲ.

ಗೀರು ಬೇರೆ, ಬಿರುಕು ಬೇರೆ

ಮೋಸ್ ಕಾಠಿಣ್ಯ ಮಾಪಕದಲ್ಲಿ ಸಾಮಾನ್ಯ ಗಾಜಿನ ಸ್ಥಾನ ಸುಮಾರು 5.5, ಮರಳಿನಲ್ಲಿರುವ ಕ್ವಾರ್ಟ್ಜ್ 7, ಕೃತಕ ನೀಲಮಣಿ, ಅಂದರೆ ಅಲ್ಯೂಮಿನಿಯಂ ಆಕ್ಸೈಡಿನ ಹರಳು, 9. ಹಾಗಾಗಿ ಮರಳು ಗಾಜನ್ನು ಗೀರುತ್ತದೆ, ನೀಲಮಣಿಯನ್ನು ಗೀರಲಾರದು. ಆದರೆ ಕಠಿಣವಾದದ್ದೆಲ್ಲ ಪೆಟ್ಟು ತಾಳುವುದಿಲ್ಲ. ಕಲ್ಲಿನ ಮೇಲೆ ಬಿದ್ದರೆ ನೀಲಮಣಿಯೂ ಒಡೆಯಬಹುದು. 'ಮಿಲ್-ಎಸ್‌ಟಿಡಿ-810' ಎಂಬುದು ಅಮೆರಿಕದ ರಕ್ಷಣಾ ಇಲಾಖೆ ರೂಪಿಸಿದ ಅನೇಕ ಪರೀಕ್ಷೆಗಳ ಗುಂಪು. ಅವುಗಳಲ್ಲಿ ಯಾವುದನ್ನು ನಡೆಸಿದ್ದಾರೆಂದು ಕೇಳಿ ತಿಳಿಯಬೇಕು.

ಕರೆ ಹೋಗುವುದು ಯಾರ ಮೂಲಕ?

'ಬ್ಲೂಟೂತ್ ಕಾಲಿಂಗ್' ಎಂದಿದ್ದರೆ ಕರೆ ಮಾಡುವುದು ಮೊಬೈಲ್. ಗಡಿಯಾರ ಅದರ ಮೈಕು ಮತ್ತು ಸ್ಪೀಕರ್ ಅಷ್ಟೆ. ಮೊಬೈಲ್ ಹತ್ತಾರು ಮೀಟರ್ ದೂರವಾದರೆ ಸಂಪರ್ಕ ಕಡಿಯುತ್ತದೆ. 'ಸೆಲ್ಯುಲರ್' ಅಥವಾ 'ಎಲ್‌ಟಿಇ' ಎಂದಿದ್ದರೆ ಮಾತ್ರ ಗಡಿಯಾರ ತಾನೇ ಗೋಪುರದೊಡನೆ ಸಂಪರ್ಕಿಸುತ್ತದೆ. ಇಂಥವುಗಳಲ್ಲಿ ಸಾಮಾನ್ಯವಾಗಿ ಒಳಗೇ ಬೆಸೆದ ಇ-ಸಿಮ್ ಇರುತ್ತದೆ. ನಿಮ್ಮ ಮೊಬೈಲ್ ಕಂಪನಿ ಆ ಮಾದರಿಗೆ ಸೇವೆ ಕೊಡುತ್ತದೆಯೇ ಎಂದು ಮೊದಲೇ ವಿಚಾರಿಸಬೇಕು. ಹೊರದೇಶದಲ್ಲಿರುವ ಬಂಧುಗಳು ತಂದುಕೊಟ್ಟ ಗಡಿಯಾರವಾದರೆ, ಅದು ಇಲ್ಲಿನ ಆವೃತ್ತಿಗಳಲ್ಲಿ ಕೆಲಸ ಮಾಡುತ್ತದೆಯೇ ಎಂಬುದನ್ನೂ ನೋಡಬೇಕು.

ಸ್ವಾತಂತ್ರ್ಯಕ್ಕೆ ಬೆಲೆಯೂ ಇದೆ. 850 ಮೆಗಾಹರ್ಟ್ಸ್ ಆವೃತ್ತಿಯನ್ನು ತೆಗೆದುಕೊಳ್ಳೋಣ. ಬೆಳಕಿನ ವೇಗ ಸೆಕೆಂಡಿಗೆ 30 ಕೋಟಿ ಮೀಟರ್. ಅದನ್ನು 85 ಕೋಟಿಯಿಂದ ಭಾಗಿಸಿದರೆ ತರಂಗದೂರ ಸುಮಾರು 35 ಸೆಂಟಿಮೀಟರ್. ಸರಳ ಆಂಟೆನಾಕ್ಕೆ ಅದರ ಕಾಲುಭಾಗ, ಅಂದರೆ ಸುಮಾರು 9 ಸೆಂಟಿಮೀಟರ್ ಉದ್ದ ಬೇಕು. ಗಡಿಯಾರದ ಅಗಲ ಸುಮಾರು 4 ಸೆಂಟಿಮೀಟರ್ ಮಾತ್ರ! ಇಕ್ಕಟ್ಟಿನಲ್ಲಿ ಅಡಗಿಸಿದ ಆಂಟೆನಾದ ದಕ್ಷತೆ ಕಡಿಮೆ. ಕೈಯೂ ತರಂಗಗಳನ್ನು ಹೀರುತ್ತದೆ. ಲೋಹದ ಕವಚ ಗಟ್ಟಿ, ಆದರೆ ರೇಡಿಯೊ ತರಂಗಗಳನ್ನು ತಡೆಯುತ್ತದೆ. ಆದ್ದರಿಂದ ಅನೇಕ ಮಾದರಿಗಳಲ್ಲಿ ಹಿಂಬದಿ ಪಿಂಗಾಣಿ ಅಥವಾ ಪ್ಲಾಸ್ಟಿಕ್ಕಿನದು. ಗೋಪುರ ದೂರವಿದ್ದಷ್ಟೂ ಗಡಿಯಾರ ಹೆಚ್ಚು ಶಕ್ತಿಯಿಂದ ಪ್ರಸಾರ ಮಾಡಬೇಕು. ಇಂಥ ಗಡಿಯಾರಗಳ ಬ್ಯಾಟರಿ ಸಾಮಾನ್ಯವಾಗಿ 300ರಿಂದ 600 ಮಿಲಿಆಂಪೇರ್-ಗಂಟೆಯದು. ಮೊಬೈಲಿನದು ಸುಮಾರು 5000. ಹೀಗಾಗಿ ಗೋಪುರ ದೂರವಿರುವ ತೋಟದಲ್ಲಿ ಚಾರ್ಜು ಬೇಗ ಮುಗಿಯುತ್ತದೆ.

ಮೊಬೈಲು ಸದಾ ಜೇಬಿನಲ್ಲಿರುವವರಿಗೆ ಬ್ಲೂಟೂತ್ ಗಡಿಯಾರವೇ ಸಾಕು. ಅಜ್ಜನಂಥವರಿಗೆ ಸೆಲ್ಯುಲರ್ ಸೌಲಭ್ಯ ಆಡಂಬರವಲ್ಲ, ಅಗತ್ಯ. ಕೊಂಡ ಮೇಲೆ ಒಂದು ಸರಳ ಪ್ರಯೋಗ ಮಾಡಿ: ಮೊಬೈಲನ್ನು ಮನೆಯಲ್ಲೇ ಇಟ್ಟು, ತೋಟದ ಕೊನೆಯ ಬದುವಿನ ಬಳಿ ನಿಂತು ಮನೆಗೆ ಕರೆ ಮಾಡಿ. ಕರೆ ತಲುಪಿದರೆ ಮಾತ್ರ ಆ ಗಡಿಯಾರವನ್ನು ನಂಬಿ.