ಅಳುವ ಹಲಗೆ

ಮಳೆಗಾಲ ಬಂತು ಅಂದರೆ ಅಡುಗೆಮನೆಯ ಉಪ್ಪಿನ ಜಾಡಿ ನೋಡಿ. ಹರಳುಪ್ಪು ಒದ್ದೆ ಒದ್ದೆಯಾಗಿರುತ್ತದೆ. ಜಾಡಿಯ ತಳದಲ್ಲಿ ನೀರು ನಿಂತಿರುತ್ತದೆ. ನಾವು ಯಾರೂ ಅದಕ್ಕೆ ನೀರು ಹಾಕಿಲ್ಲ. ಮಳೆಯ ಹನಿಯೂ ಬಿದ್ದಿಲ್ಲ. ಹಾಗಾದರೆ ನೀರು ಎಲ್ಲಿಂದ ಬಂತು? ಗಾಳಿಯಿಂದ ಬಂತು. ಗಾಳಿಯಲ್ಲಿದ್ದ ತೇವವನ್ನು ಉಪ್ಪು ತನ್ನ ಕಡೆಗೆ ಎಳೆದುಕೊಂಡಿತು.

ಉಪ್ಪು ಅಂದರೆ ಒಂದೇ ಅಲ್ಲ. ಸಮುದ್ರದ ನೀರಿನಲ್ಲಿ ಹಲವು ಉಪ್ಪುಗಳಿವೆ. ನಾವು ಸಾರಿಗೆ ಹಾಕುವುದು ಒಂದು. ಅದರ ಜೊತೆಗೇ ಕಹಿಯಾದ ಇನ್ನೊಂದು ಉಪ್ಪು ಇದೆ. ಅದರ ಹೆಸರು ಮೆಗ್ನೀಸಿಯಂ ಕ್ಲೋರೈಡ್. ಗೋಕರ್ಣದ ಹತ್ತಿರ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರಗಳಿವೆ. ಇಂಥ ಆಗರಗಳಲ್ಲಿ ಉಪ್ಪು ಹರಳುಗಟ್ಟಿದ ಮೇಲೆ ಕಹಿನೀರು ಉಳಿಯುತ್ತದೆ. ಆ ಕಹಿ ಉಪ್ಪು ಹೆಚ್ಚಾಗಿ ಇರುವುದು ಅದರಲ್ಲೇ. ಸ್ವಲ್ಪ ಮಾತ್ರ ಹರಳಿಗೆ ಅಂಟಿಕೊಂಡು ನಮ್ಮ ಜಾಡಿಗೆ ಬರುತ್ತದೆ. ಜಾಡಿಯ ಉಪ್ಪು ಬೇಗ ನೀರೊಡೆಯಲು ಆ ಸ್ವಲ್ಪವೇ ಸಾಕು.

ಮನೆ ಕಟ್ಟುವವರಿಗೆ ಈ ಉಪ್ಪಿನ ಕಥೆ ಯಾಕೆ ಬೇಕು? ಹೇಳುತ್ತೇವೆ, ಕೇಳಿ.

ಈಗ ಪೇಟೆಯಲ್ಲಿ ಒಂದು ಬಿಳಿ ಹಲಗೆ ಸಿಗುತ್ತದೆ. ಮೆಗ್ನೀಸಿಯಂ ಆಕ್ಸೈಡ್ ಬೋರ್ಡು ಅಂತ ಅದರ ಹೆಸರು. ಅಂಗಡಿಯವರು ಎಂಜಿಓ ಬೋರ್ಡು ಅನ್ನುತ್ತಾರೆ. ಮಾಳಿಗೆಯ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸುತ್ತಾರೆ. ಅದಕ್ಕೆ ಈ ಹಲಗೆ ಬಿಗಿದರೆ ಗೋಡೆ ಆಯಿತು. ಇಟ್ಟಿಗೆ ಬೇಡ, ನೀರುಣಿಸುವ ಕೆಲಸ ಬೇಡ. ನಾಲ್ಕು ದಿನದಲ್ಲಿ ಕೋಣೆ ಎದ್ದು ನಿಲ್ಲುತ್ತದೆ. ಸಂಘದಲ್ಲಿ ಸಾಲ ತೆಗೆದು ಮೇಲೊಂದು ಕೋಣೆ ಮಾಡೋಣ ಅನ್ನುವವರಿಗೆ ಇದು ಚೆನ್ನಾಗಿ ಕಾಣುತ್ತದೆ.

ಹಲಗೆ ಮಾಡುವ ಬಗೆ ಹೀಗೆ. ಮ್ಯಾಗ್ನೆಸೈಟ್ ಅಂತ ಒಂದು ಬಿಳಿ ಕಲ್ಲು ಇದೆ. ತಮಿಳುನಾಡಿನ ಸೇಲಂನಲ್ಲಿ ಇದರ ಗಣಿ ಇದೆ. ನಮ್ಮ ಮೈಸೂರು ಜಿಲ್ಲೆಯ ನೆಲದಲ್ಲೂ ಈ ಕಲ್ಲು ಇದೆ. ಸುಣ್ಣದ ಕಲ್ಲನ್ನು ಸುಡುವ ಹಾಗೆ ಇದನ್ನೂ ಸುಡುತ್ತಾರೆ. ಆಗ ಬಿಳಿ ಪುಡಿ ಸಿಗುತ್ತದೆ. ಆ ಪುಡಿಗೆ ಮೆಗ್ನೀಸಿಯಂ ಕ್ಲೋರೈಡ್ ಕರಗಿಸಿದ ನೀರು ಹಾಕಿ ಕಲಸುತ್ತಾರೆ. ಹೌದು, ಅದೇ ಕಹಿ ಉಪ್ಪು! ಜೊತೆಗೆ ಮರದ ಪುಡಿ ಸೇರಿಸುತ್ತಾರೆ. ನಡುವೆ ಗಾಜಿನ ನೂಲಿನ ಬಲೆ ಇಡುತ್ತಾರೆ. ಕಲಸಿದ್ದು ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ. ಈ ಬಗೆಯ ಸಿಮೆಂಟನ್ನು 1867ರಲ್ಲಿ ಫ್ರಾನ್ಸ್ ದೇಶದ ಸೊರೆಲ್ ಎಂಬವರು ಕಂಡುಹಿಡಿದರು.

ಹಲಗೆಗೆ ಒಳ್ಳೆಯ ಗುಣಗಳಿವೆ. ಇಲ್ಲ ಅಂತ ನಾವು ಹೇಳುವುದಿಲ್ಲ. ಬೆಂಕಿ ಹತ್ತುವುದಿಲ್ಲ. ಗೆದ್ದಲು ತಿನ್ನುವುದಿಲ್ಲ. ಗರಗಸದಲ್ಲಿ ಕೊಯ್ಯಬಹುದು. ಆದರೆ ಕಲಸುವಾಗ ಉಪ್ಪುನೀರು ಹೆಚ್ಚಾದರೆ ತೊಂದರೆ. ಗಟ್ಟಿಯಾಗುವ ಮೊದಲೇ ಅವಸರದಲ್ಲಿ ಒಣಗಿಸಿದರೂ ತೊಂದರೆ. ಪುಡಿಯ ಜೊತೆ ಕೂಡದ ಉಪ್ಪು ಹಲಗೆಯ ಒಳಗೆ ಹಾಗೇ ಉಳಿಯುತ್ತದೆ. ನೋಡಿದರೆ ಕಾಣುವುದಿಲ್ಲ, ಮುಟ್ಟಿದರೂ ತಿಳಿಯುವುದಿಲ್ಲ.

ಹೀಗೆ ಉಪ್ಪು ಉಳಿದರೆ ಏನಾಗುತ್ತದೆ? ಡೆನ್ಮಾರ್ಕ್ ದೇಶದವರಿಗೆ ಇದು ಚೆನ್ನಾಗಿ ಗೊತ್ತು.

ಡೆನ್ಮಾರ್ಕ್ ಯುರೋಪಿನ ಒಂದು ಚಿಕ್ಕ ದೇಶ. ಹೆಚ್ಚುಕಡಿಮೆ ಸುತ್ತಲೂ ಸಮುದ್ರ, ಬಹಳ ಚಳಿ. ಅಲ್ಲಿ ಗೋಡೆಯನ್ನು ಪದರ ಪದರವಾಗಿ ಕಟ್ಟುತ್ತಾರೆ. ಒಳಗೆ ಬೆಚ್ಚಗಿಡುವ ಹತ್ತಿಯಂಥ ಪದರ. ಅದರ ಹೊರಗೆ ಗಾಳಿ ತಡೆಯಲು ಒಂದು ಹಲಗೆ. ಆಮೇಲೆ ಸ್ವಲ್ಪ ಸಂದು. ಎಲ್ಲಕ್ಕಿಂತ ಹೊರಗೆ ಮಳೆ ತಡೆಯುವ ಹೊದಿಕೆ. 2010ರಿಂದ 2015ರ ನಡುವೆ ಗಾಳಿ ತಡೆಯಲು ಈ ಮೆಗ್ನೀಸಿಯಂ ಹಲಗೆಯನ್ನೇ ಅಲ್ಲಿ ತುಂಬ ಬಳಸಿದರು. ಬೆಲೆ ಕಡಿಮೆ, ಬೆಂಕಿಯ ಭಯ ಇಲ್ಲ, ಬೂಷ್ಟು ಹಿಡಿಯುವುದಿಲ್ಲ ಅಂತ ನಂಬಿದ್ದರು.

ಕೆಲವೇ ವರ್ಷದಲ್ಲಿ ಹಲಗೆಗಳ ಮೇಲೆ ಹನಿಗಳು ಕಂಡವು. ಹನಿ ಕೂಡಿ ಕೆಳಗೆ ಹರಿಯಿತು. ಮಳೆ ಸೋರಿದೆ ಅನ್ನೋಣ ಅಂದರೆ ಹೊರಗಿನ ಹೊದಿಕೆ ಸರಿಯಾಗಿಯೇ ಇತ್ತು. ಆ ನೀರು ಉಪ್ಪುನೀರು. ಹಲಗೆ ಗಾಳಿಯ ತೇವವನ್ನು ಹೀರಿ ಹೀರಿ, ಹಿಡಿದಿಡಲು ಆಗದೆ ಹೊರಗೆ ಬಿಟ್ಟಿತ್ತು. ಅಲ್ಲಿಯ ಜನ ಇದಕ್ಕೆ ಅಳುವ ಹಲಗೆ ಎಂದು ಹೆಸರಿಟ್ಟರು. ಹೆಸರು ಸರಿಯಾಗಿದೆ, ಅಲ್ವಾ?

ಉಪ್ಪುನೀರು ಮೊಳೆ, ತಿರುಪುಗಳನ್ನು ತಿಂದಿತು. ಕೆಳಗಿನ ಮರದ ಪಟ್ಟಿಗಳು ನೆನೆದವು. ಬೂಷ್ಟು ಹಿಡಿಯಿತು. 2015ರಲ್ಲಿ ಈ ಹಲಗೆ ಹಾಕಬೇಡಿ ಎಂದು ಅಲ್ಲಿಯ ಕಟ್ಟಡ ತಜ್ಞರು ಎಚ್ಚರಿಸಿದರು. ಹಾಕಿದ್ದನ್ನು ಕಿತ್ತು ಬೇರೆ ಹಾಕಬೇಕಾಯಿತು. ಹಲಗೆ ಕೀಳಬೇಕಾದರೆ ಮೊದಲು ಹೊರಗಿನ ಹೊದಿಕೆ ಕೀಳಬೇಕು. ಹಲಗೆಯ ಬೆಲೆಗಿಂತ ಕೀಳುವ, ಮತ್ತೆ ಕಟ್ಟುವ ಖರ್ಚೇ ದೊಡ್ಡದಾಯಿತು. ಆ ಖರ್ಚು ಕೊಡುವವರು ಯಾರು? ಮಾರಿದವರೋ, ಕಟ್ಟಿದವರೋ, ಮನೆಯವರೋ? ಈ ಜಗಳ ವರ್ಷಗಟ್ಟಲೆ ನಡೆಯಿತು.

ಇಲ್ಲೊಂದು ಲೆಕ್ಕ ತಿಳಿದುಕೊಳ್ಳೋಣ. ಗಾಳಿ ಹಿಡಿದಿಡಬಲ್ಲ ತೇವ ಒಟ್ಟು 100 ಪಾಲು ಅಂದುಕೊಳ್ಳಿ. ಶುದ್ಧವಾದ ಅಡುಗೆ ಉಪ್ಪು ನೀರಾಗಲು ಗಾಳಿಯಲ್ಲಿ ಸುಮಾರು 75 ಪಾಲು ತೇವ ಬೇಕು. ಕಹಿ ಉಪ್ಪಿಗೆ ಸುಮಾರು 33 ಪಾಲು ಸಾಕು! ಡೆನ್ಮಾರ್ಕಿನ ಚಳಿಗಾಲದಲ್ಲಿ ಗಾಳಿಯ ತೇವ 90ರ ಹತ್ತಿರ ಇರುತ್ತದೆ. ಮತ್ತೆ ಹಲಗೆ ಅಳದೆ ಇರುತ್ತದೆಯೇ?

ನಮ್ಮ ಮಂಗಳೂರು, ಕಾರವಾರ, ಆಗುಂಬೆಯ ಕಡೆ ಮಳೆಗಾಲದ ಗಾಳಿಯೂ ಹಾಗೇ. ತೇವ 85 ಪಾಲು ದಾಟುವುದು ಸಾಮಾನ್ಯ. ರಾಯಚೂರು, ಬಳ್ಳಾರಿಯ ಬೇಸಿಗೆಯ ಮಧ್ಯಾಹ್ನ 30ಕ್ಕಿಂತ ಕೆಳಗೆ ಇಳಿಯುವುದೂ ಉಂಟು. ಒಣ ಸೀಮೆಯಲ್ಲಿ ಬೇಸಿಗೆಯಲ್ಲಿ ಹಾಕಿದ ಹಲಗೆ ಚೆನ್ನಾಗಿಯೇ ಕಾಣುತ್ತದೆ. ಅದನ್ನು ನೋಡಿ ಕರಾವಳಿಯವರು ಕೊಳ್ಳಬಾರದು.

ಹಾಗಾದರೆ ಹಲಗೆಯನ್ನು ಹೇಗೆ ಆರಿಸುವುದು? ಅಂಗಡಿಯಲ್ಲಿ ಮೊದಲು ಕೇಳಬೇಕಾದ್ದು ಬೆಲೆ ಅಲ್ಲ. "ಅಣ್ಣಾ, ಇದು ಕ್ಲೋರೈಡ್ ಹಾಕಿದ್ದೋ, ಸಲ್ಫೇಟ್ ಹಾಕಿದ್ದೋ?" ಅಂತ ಕೇಳಿ. ಕ್ಲೋರೈಡ್ ಬದಲು ಮೆಗ್ನೀಸಿಯಂ ಸಲ್ಫೇಟ್ ಹಾಕಿ ಮಾಡುವ ಹಲಗೆಗಳೂ ಇವೆ. ಇದೂ ಒಂದು ಉಪ್ಪೇ. ತೆಂಗಿನ ತೋಟ ಇರುವವರಿಗೆ ಇದರ ಹೆಸರು ಗೊತ್ತಿರುತ್ತದೆ, ಮರಕ್ಕೆ ಗೊಬ್ಬರವಾಗಿ ಹಾಕುತ್ತಾರೆ. ಇದು ಕ್ಲೋರೈಡಿನ ಹಾಗೆ ಗಾಳಿಯ ನೀರು ಎಳೆಯುವುದಿಲ್ಲ. ಕಬ್ಬಿಣವನ್ನೂ ಅಷ್ಟು ತಿನ್ನುವುದಿಲ್ಲ. ಹೊರಗೋಡೆಗೆ ಹಾಕುವುದೇ ಆದರೆ ಸಲ್ಫೇಟ್ ಹಲಗೆಯೇ ಮೇಲು ಅಂತ ನಮ್ಮ ಅಭಿಪ್ರಾಯ. ಕ್ಲೋರೈಡ್ ಹಲಗೆಯನ್ನು ಹೊರಗೋಡೆಗೆ, ಬಚ್ಚಲಿಗೆ ಹಾಕಲೇಬೇಡಿ.

ಅಂಗಡಿಯವರಿಗೆ ಉತ್ತರ ಗೊತ್ತಿಲ್ಲದಿದ್ದರೆ ಕಂಪನಿಯ ಪರೀಕ್ಷೆಯ ಕಾಗದ ಕೇಳಿ. ಬೆಂಕಿಯ ಪರೀಕ್ಷೆಯ ಕಾಗದ ತೋರಿಸಿ ಸುಮ್ಮನಾಗುತ್ತಾರೆ. ಅದು ಸಾಲದು. ತೇವದ ಗಾಳಿಯಲ್ಲಿ ವಾರಗಟ್ಟಲೆ ಇಟ್ಟು ನೋಡಿದ್ದಾರಾ, ಅದು ಬೇಕು. ಕಾಗದ ಇಂಗ್ಲಿಷಿನಲ್ಲಿದ್ದರೆ ಹೈಸ್ಕೂಲು ಓದುವ ಮಕ್ಕಳಿಂದ ಓದಿಸಿ. ಬಿಲ್ಲಿನಲ್ಲಿ "ಸಲ್ಫೇಟ್ ಬೋರ್ಡು" ಅಂತ ಬರೆಸಿ. ಬರೆದದ್ದನ್ನು ನೀವೇ ಓದಿ ನೋಡಿ. ನಾಳೆ ಹಲಗೆ ಅತ್ತರೆ ಕೇಳುವುದಕ್ಕೆ ಆ ಒಂದು ಸಾಲು ಬೇಕಾಗುತ್ತದೆ.

ಮನೆಯಲ್ಲೂ ಒಂದು ಪರೀಕ್ಷೆ ಮಾಡಬಹುದು. ಅಂಗೈಯಗಲದ ಒಂದು ತುಂಡು ಕೇಳಿ ತನ್ನಿ. ಅದಕ್ಕೆ ಒಂದು ಕಬ್ಬಿಣದ ಮೊಳೆ ಹೊಡೆಯಿರಿ. ಮುಚ್ಚಳ ಇರುವ ಡಬ್ಬಿಯ ತಳಕ್ಕೆ ನೀರು ಹಾಕಿ. ಒಳಗೆ ಒಂದು ಬಟ್ಟಲು ಬೋರಲಿಟ್ಟು, ಅದರ ಮೇಲೆ ತುಂಡು ಇಡಿ. ನೀರು ತುಂಡಿಗೆ ತಾಗಬಾರದು. ಮುಚ್ಚಳದ ಹನಿ ಬೀಳದ ಹಾಗೆ ಮೇಲೊಂದು ಪ್ಲಾಸ್ಟಿಕ್ ಚೂರು ಓರೆಯಾಗಿಡಿ. ಮುಚ್ಚಿ ಎರಡು ಮೂರು ವಾರ ಬಿಡಿ. ತುಂಡಿನ ಮೈಮೇಲೆ ಹನಿಗಳು ಮೂಡಿದರೆ, ಮುಟ್ಟಿದಾಗ ಜಾರಿದರೆ, ಮೊಳೆಯ ಸುತ್ತ ಬೇಗನೆ ತುಕ್ಕು ಹರಡಿದರೆ ಆ ಹಲಗೆ ಬೇಡ. ಅಳಲಿಲ್ಲ ಅಂದ ಮಾತ್ರಕ್ಕೆ ಹಲಗೆ ಪೂರಾ ಒಳ್ಳೆಯದು ಅಂತ ಅಲ್ಲ. ಪರೀಕ್ಷೆಯ ಕಾಗದ ಆಗಲೂ ಬೇಕು.

ಫೈಬರ್ ಸಿಮೆಂಟ್ ಬೋರ್ಡು ಅಂತ ಇನ್ನೊಂದು ಬಗೆ ಇದೆ. ಅದು ಸಾಮಾನ್ಯ ಸಿಮೆಂಟಿನದು, ಈ ಕಹಿ ಉಪ್ಪಿನ ಕಾಟ ಅದಕ್ಕಿಲ್ಲ. ಅದನ್ನು ಕೊಳ್ಳುವಾಗ ಕಲ್ನಾರು ಇಲ್ಲದ್ದು ಅಂತ ಕೇಳಿ ತೆಗೆದುಕೊಳ್ಳಿ. ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಇಟ್ಟಿಗೆಯ ಗೋಡೆಗೆ ಜಾಗವೂ ಹಣವೂ ಇದ್ದರೆ ಯಾವ ಹಲಗೆಯೂ ಬೇಡ ಬಿಡಿ.

ಯಾವ ಹಲಗೆ ಹಾಕಿದರೂ ಹೊರಗೋಡೆಗೆ ಅದೇ ಕೊನೆಯ ಪದರ ಅಲ್ಲ. ಮಳೆ ತಡೆಯುವ ಹೊದಿಕೆ ಮೇಲೆ ಬೇಕು. ನಡುವೆ ಗಾಳಿಯಾಡಲು ಸಂದು ಬೇಕು. ಕೆಳಗಿನ ಅಂಚು ನೆಲಕ್ಕೆ ತಾಗಬಾರದು. ಸ್ಟೀಲಿನ, ತುಕ್ಕು ಹಿಡಿಯದ ತಿರುಪು ಹಾಕಿಸಿ. ತಿರುಪಿನಲ್ಲಿ ಉಳಿಸುವ ಹಣ ಉಳಿತಾಯವೇ ಅಲ್ಲ.

ಕಟ್ಟಡದ ಕೆಲಸಕ್ಕೆ ಹೋಗುವ ಅಕ್ಕಂದಿರಿಗೆ ಒಂದು ಮಾತು. 8 ಅಡಿ ಉದ್ದ, 4 ಅಡಿ ಅಗಲ, 8 ಮಿಲಿಮೀಟರ್ ದಪ್ಪದ ಹಲಗೆ ಸುಮಾರು 24 ಕಿಲೋ ತೂಗುತ್ತದೆ. ಒಬ್ಬರೇ ಹೊರಬೇಡಿ. ಇಬ್ಬರು ಸೇರಿ, ಅಂಚಿನ ಮೇಲೆ ನಿಲ್ಲಿಸಿ ಹಿಡಿಯಿರಿ. ಅಡ್ಡ ಮಲಗಿಸಿ ಹಿಡಿದರೆ ನಡುವೆ ಮುರಿಯುತ್ತದೆ. ಕೊಯ್ಯುವಾಗ ಏಳುವ ಧೂಳಿನಲ್ಲಿ ಗಾಜಿನ ನೂಲಿನ ಚೂರು ಇರುತ್ತದೆ. ಸೆರಗು ಕಟ್ಟಿಕೊಂಡರೆ ಸಾಲದು, ಧೂಳಿನ ಮಾಸ್ಕು ಕೊಡಿ ಅಂತ ಮೇಸ್ತ್ರಿಯನ್ನು ಕೇಳಿ.

ಈಗಾಗಲೇ ಈ ಹಲಗೆಯ ಗೋಡೆ ಇದೆಯೇ? ಮಳೆಗಾಲದ ಬೆಳಿಗ್ಗೆ ಗೋಡೆಯ ಕೆಳಗಿನ ಅಂಚನ್ನು ಬೆರಳಿಂದ ಸವರಿ ನೋಡಿ. ತಿರುಪಿನ ತಲೆಗಳನ್ನು ನೋಡಿ. ಹನಿ ಇದ್ದರೆ, ಕಂದು ಗೆರೆ ಇಳಿದಿದ್ದರೆ ಮೇಲೆ ಬಣ್ಣ ಬಳಿದು ಮುಚ್ಚಬೇಡಿ. ಉಪ್ಪು ಇರುವುದು ಒಳಗೆ. ಬಣ್ಣ ಅದನ್ನು ಹೊರಗೆ ತೆಗೆಯುವುದಿಲ್ಲ. ಒಂದು ಹಲಗೆ ಬಿಚ್ಚಿಸಿ, ಹಿಂದಿನ ಕಬ್ಬಿಣದ ಚೌಕಟ್ಟು ಎಷ್ಟು ತುಕ್ಕು ಹಿಡಿದಿದೆ ಅಂತ ಮೊದಲು ನೋಡಿಸಿ.