ಪಾಠದ ಪರದೆಗೆ ಕನ್ನಡ ಬಂದ ದಾರಿ

ಬಿ.ಇಡಿ. ಓದುವವರನ್ನು ಒಂದು ಕಾಲಕ್ಕೆ ಬಸ್ಸಿನಲ್ಲೇ ಗುರುತು ಹಿಡಿಯಬಹುದಿತ್ತು. ಕಂಕುಳಲ್ಲಿ ಸುರುಳಿ ಸುತ್ತಿದ ಡ್ರಾಯಿಂಗ್ ಶೀಟು, ಅದಕ್ಕೊಂದು ರಬ್ಬರ್ ಬ್ಯಾಂಡು, ಇನ್ನೊಂದು ಕೈಯಲ್ಲಿ ಪಾಠಯೋಜನೆಯ ದಪ್ಪ ಪುಸ್ತಕ. ಹರಿಹರದಿಂದ ದಾವಣಗೆರೆಗೆ ಬರುವ ಬೆಳಗಿನ ಬಸ್ಸಿನಲ್ಲಿ ಚಾರ್ಟು ಮುದುರದಂತೆ ತಲೆಯ ಮೇಲೆತ್ತಿ ಹಿಡಿದು ನಿಂತವರನ್ನು ಎಷ್ಟೋ ಸಲ ಕಂಡಿದ್ದೇನೆ. ರಾತ್ರಿಯೆಲ್ಲ ಕೂತು ಸ್ಕೆಚ್ ಪೆನ್ನಿನಲ್ಲಿ ಬರೆದ ಹೃದಯದ ಚಿತ್ರ, ಮುಕ್ಕಾಲು ಗಂಟೆಯ ಒಂದು ಪಾಠಕ್ಕೆ. ಇವತ್ತು ದಾವಣಗೆರೆಯ ಶಾಮನೂರು ರಸ್ತೆಯಲ್ಲಿ ನಡೆದು ಹೋಗುವ ಪ್ರಶಿಕ್ಷಣಾರ್ಥಿಯ ಕಂಕುಳು ಖಾಲಿ. ಚಿತ್ರ, ದನಿ, ವಿಡಿಯೊ ಎಲ್ಲವೂ ಎಲ್ಲೋ ದೂರದ ಸರ್ವರಿನಲ್ಲಿವೆ. ಮೊಬೈಲಿನಲ್ಲಿ ಒಂದು ಲಿಂಕು ಇದೆ. ಗೂಗಲ್ ಸ್ಲೈಡ್ಸ್‌ನಲ್ಲಿ ಮಾಡಿದ್ದಿರಲಿ, ಕ್ಯಾನ್ವಾದಲ್ಲಿ ಮಾಡಿದ್ದಿರಲಿ, ಎಲ್ಲರ ಬಾಯಲ್ಲೂ ಅದು ‘ಪಿಪಿಟಿ’.

ಕಂಪ್ಯೂಟರು ಬರುವ ಮೊದಲೇ ನಮ್ಮ ಮೇಷ್ಟ್ರುಗಳಿಗೆ ಬಹುಮಾಧ್ಯಮ ಬಂದಿತ್ತು ಎಂಬುದನ್ನು ಬಹಳ ಜನ ಮರೆತಿದ್ದಾರೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ ತಲುಪಿತು. ಕರ್ನಾಟಕದಿಂದ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳಿದ್ದವು. ಅದೇ ಉಪಗ್ರಹದಿಂದ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿಯೂ ನಡೆಯಿತು. ಎನ್‌ಸಿಇಆರ್‌ಟಿ ಸಿದ್ಧಪಡಿಸಿದ ಹನ್ನೆರಡು ದಿನಗಳ ಕಟ್ಟು ಅದು: ಟೀವಿ ಪಾಠ, ರೇಡಿಯೊ ಪಾಠ, ಓದಲು ಮುದ್ರಿತ ಪುಸ್ತಕ, ಕೈಯಾರೆ ಮಾಡುವ ಪ್ರಯೋಗ, ಜೊತೆಗೆ ಎದುರಿಗೇ ಇದ್ದು ಚರ್ಚಿಸುವ ಮಾರ್ಗದರ್ಶಕ. ಎರಡು ಸುತ್ತಿನಲ್ಲಿ ಸುಮಾರು 48,000 ಶಿಕ್ಷಕರು ಹೀಗೆ ಕಲಿತರು. ಟೀವಿಯೊಂದೇ ಸಾಲದು, ಪಕ್ಕದಲ್ಲಿ ಮನುಷ್ಯ ಬೇಕು, ಕೈಗೆ ಕೆಲಸ ಬೇಕು ಎಂಬ ತಿಳಿವಳಿಕೆ ಆಗಲೇ ಇತ್ತು.

ಇಪ್ಪತ್ತು ವರ್ಷಗಳ ನಂತರ, 1996ರ ಜನವರಿಯಲ್ಲಿ, ಕರ್ನಾಟಕದ 20 ಕೇಂದ್ರಗಳಲ್ಲಿ ಸುಮಾರು 850 ಪ್ರಾಥಮಿಕ ಶಿಕ್ಷಕರು ತರಬೇತಿಗೆಂದು ಒಂದು ವಾರ ಟೀವಿಯ ಮುಂದೆ ಕೂತರು. ಈ ಸಲ ಒಂದು ಹೊಸತಿತ್ತು. ಚಿತ್ರ ಒಂದೇ ಕಡೆಯಿಂದ ಬಂದರೂ ಮಾತು ಎರಡೂ ಕಡೆ ಹರಿಯುತ್ತಿತ್ತು. ಪಾಠ ಅರ್ಥವಾಗದ ಮೇಷ್ಟ್ರು ಫೋನೆತ್ತಿ ಸ್ಟುಡಿಯೊದಲ್ಲಿದ್ದವರನ್ನು ಕೇಳಬಹುದಿತ್ತು. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು, ಚಾಮರಾಜನಗರದ 800ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳ ಮೇಲೆ ಆಂಟೆನಾ ನಿಂತಿತು. ಆದರೂ ಈ ಮೂರು ದಶಕವೂ ಶಿಕ್ಷಕರು ಕೂತದ್ದು ಪರದೆಯ ಎದುರಿಗೆ. ಪರದೆಯ ಮೇಲೆ ಏನು ಬರಬೇಕೆಂದು ನಿರ್ಧರಿಸಿದವರು ಬೇರೆ.

ಆ ನಿರ್ಧಾರ ಶಿಕ್ಷಕರ ಕೈಗೆ ಬರಲು ಅಡ್ಡ ನಿಂತದ್ದು ಯಂತ್ರದ ಬೆಲೆ ಮಾತ್ರವಲ್ಲ, ಅಕ್ಷರ. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದೇ. ಪವರ್‌ಪಾಯಿಂಟ್ ಹುಟ್ಟಿದ್ದು 1987ರಲ್ಲಿ, ಮ್ಯಾಕಿಂಟೋಷ್ ಕಂಪ್ಯೂಟರಿಗೆಂದು. ನಮ್ಮ 1,000 ಸರ್ಕಾರಿ ಪ್ರೌಢಶಾಲೆಗಳಿಗೆ ‘ಮಾಹಿತಿ ಸಿಂಧು’ ಯೋಜನೆಯ ಕಂಪ್ಯೂಟರುಗಳು ಬರತೊಡಗಿದ್ದು 2001ರಲ್ಲಿ. ಅಷ್ಟರಲ್ಲಿ ಕನ್ನಡ ಟೈಪಿಸಲು ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಇತ್ತು, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ನೆಚ್ಚಿಕೊಂಡ, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಬಂತು. ಕನ್ನಡ ಟೈಪಿಂಗ್ ಮನೆಮಾತಾಯಿತು. ಆದರೆ ನುಡಿಯ ಹಳೆಯ ಅಕ್ಷರವಿನ್ಯಾಸದಲ್ಲಿ ಕನ್ನಡದ ಚೂರುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿದ್ದವು. ‘ಕ’ ಎಂದರೆ ಒಂದು ಒಡಲು, ಒಂದು ತಲೆಕಟ್ಟು. ಒಡಲು ಕೂತದ್ದು ಇಂಗ್ಲಿಷಿನ ‘ಪಿ’ ಅಕ್ಷರದ ಮನೆಯಲ್ಲಿ. ಆ ಫಾಂಟು ಇರುವ ಕಂಪ್ಯೂಟರಿನಲ್ಲಿ ಎಲ್ಲ ಚೆಂದ. ಅದೇ ಬರಹವನ್ನು ಆನ್‌ಲೈನ್ ಸ್ಲೈಡಿಗೆ ಅಂಟಿಸಿದರೆ ಕನ್ನಡ ಮಾಯ. ತಲೆಮೇಲೆ ಗೆರೆ ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು. ಪೆನ್‌ಡ್ರೈವಿನಲ್ಲಿ ಪಾಠ ಒಯ್ದು, ಅಭ್ಯಾಸ ಶಾಲೆಯ ಕಂಪ್ಯೂಟರಿನಲ್ಲಿ ತೆರೆದು, ಮಕ್ಕಳ ಮುಂದೆ ಬೆವರಿದವರು ಒಬ್ಬಿಬ್ಬರಲ್ಲ.

ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಮನೆ ಕೊಟ್ಟಿತ್ತು. ನಾವು ಅಲ್ಲಿಗೆ ವಾಸಕ್ಕೆ ಹೋಗಲು ಬಹಳ ವರ್ಷ ಬೇಕಾಯಿತು. ಹೋದ ಮೇಲೂ ಕೆಲವು ತಂತ್ರಾಂಶಗಳಲ್ಲಿ ಒತ್ತಕ್ಷರ ಕೆಳಗೆ ಇಳಿಯದೆ ಪಕ್ಕದಲ್ಲಿ ನಿಲ್ಲುತ್ತಿತ್ತು, ‘ಸೂರ್ಯ’ದ ಅರ್ಕಾವತ್ತು ದಾರಿ ತಪ್ಪುತ್ತಿತ್ತು. ಮಕ್ಕಳಿಗೆ ಅಕ್ಷರ ತಿದ್ದಿಸಬೇಕಾದವರಿಗೆ ಇದು ಸಣ್ಣ ವಿಷಯವಲ್ಲ. 2017ರಲ್ಲಿ ಗೂಗಲ್ ಕನ್ನಡದ ಮಾತನ್ನು ಅಕ್ಷರವಾಗಿಸುವ ಸೌಲಭ್ಯ ಕೊಟ್ಟಾಗ ಕೀಲಿಮಣೆಗೆ ಹೆದರುತ್ತಿದ್ದ ಹಿರಿಯ ಶಿಕ್ಷಕರಿಗೂ ದಾರಿ ತೆರೆಯಿತು.

ಈ ನಡುವೆ 2011ರಿಂದ ರಾಜ್ಯದ ಡಿಎಸ್‌ಇಆರ್‌ಟಿ ಮತ್ತು ‘ಐಟಿ ಫಾರ್ ಚೇಂಜ್’ ಸಂಸ್ಥೆ ವಿಷಯ ಶಿಕ್ಷಕರ ವೇದಿಕೆ ಕಟ್ಟಿದವು. ಗಣಿತದ ಮೇಷ್ಟ್ರು ಜಿಯೋಜೀಬ್ರಾದಲ್ಲಿ ತ್ರಿಕೋನವನ್ನು ಎಳೆದು, ಹಿಗ್ಗಿಸಿ ತೋರಿಸಿದರು; ಸಮಾಜ ವಿಜ್ಞಾನದವರು ಫ್ರೀಮೈಂಡ್‌ನಲ್ಲಿ ಪರಿಕಲ್ಪನಾ ನಕ್ಷೆ ಹೆಣೆದರು. ಅಲ್ಲಿಂದಲೇ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಕೆಲಸ ಬೆಳೆಯಿತು. ಕೊನೆಗೂ ಪರದೆಗೆ ಬರುವುದನ್ನು ಶಿಕ್ಷಕರೇ ಬರೆಯುವಂತಾಯಿತು. ಬಿ.ಇಡಿ. ಎರಡು ವರ್ಷದ ಕೋರ್ಸಾದಾಗ, ಅಂದರೆ 2015ರಿಂದ, ಮಾಹಿತಿ ತಂತ್ರಜ್ಞಾನದ ಅರಿವು ಪಠ್ಯದೊಳಗೇ ಸೇರಿತು. 2020ರಲ್ಲಿ ಶಾಲೆಗಳು ಮುಚ್ಚಿದವು, ಆಯ್ಕೆಯಾಗಿದ್ದದ್ದು ಅನಿವಾರ್ಯವಾಯಿತು.

ನನ್ನ ಕಳವಳವೊಂದನ್ನು ಇಲ್ಲಿ ಹೇಳಲೇಬೇಕು. ಕಪ್ಪುಹಲಗೆಯ ಮೇಲೆ ಬರೆಯುವಾಗ ಒಂದು ಬದಿಗೆ ನಿಲ್ಲಬೇಕು, ಮಕ್ಕಳಿಗೆ ಬೆನ್ನು ತೋರಿಸಬಾರದು ಎಂಬುದು ಸೂಕ್ಷ್ಮ ಬೋಧನೆಯ ಮೊದಮೊದಲ ಪಾಠ. ಪರದೆ ಬಂದ ಮೇಲೆ ಅದು ಸಡಿಲವಾಗಿದೆ. ಪಠ್ಯಪುಸ್ತಕದ ಪ್ಯಾರಾಗಳನ್ನು ಸ್ಲೈಡಿಗೆ ತುಂಬಿ, ಅತ್ತ ತಿರುಗಿ ಓದಿದರೆ ಅದು ಪಾಠವಾಗುವುದಿಲ್ಲ. ರಾತ್ರಿಯೆಲ್ಲ ಕೂತು ಚಾರ್ಟು ಬರೆದವರಿಗೆ ಆ ಹೃದಯದ ನಾಲ್ಕು ಕೋಣೆಯೂ ಬಾಯಿಪಾಠವಾಗಿರುತ್ತಿತ್ತು. ಸಿದ್ಧ ಟೆಂಪ್ಲೇಟು ಆ ದುಡಿಮೆಯನ್ನು ಬೇಡುವುದಿಲ್ಲ. ಪ್ರಶಿಕ್ಷಣಾರ್ಥಿ ತಾನಾಗಿಯೇ ಬೇಡಿಕೊಳ್ಳಬೇಕು.

ಶಾಮನೂರಿನ ಹುಡುಗಿಯೊಬ್ಬಳು ಏಳನೇ ತರಗತಿಗೆ ನೀರಾವರಿ ಪಾಠ ಕೊಡುತ್ತಾಳೆ ಎಂದುಕೊಳ್ಳಿ. ಯಾವುದೋ ದೇಶದ ಅಣೆಕಟ್ಟಿನ ಚಿತ್ರ ಆಕೆಗೆ ಬೇಡ. ಭದ್ರಾ ನಾಲೆಯ ನೀರು ಗದ್ದೆಗೆ ತಿರುಗುವುದನ್ನು ಮೊಬೈಲಿನಲ್ಲಿ ಹಿಡಿಯಬಹುದು. ಮೊದಲ ಸಲ ನಾಲೆಗೆ ನೀರು ಬಂದಾಗ ಊರು ಹೇಗಿತ್ತೆಂದು ಹಿರಿಯರೊಬ್ಬರು ಹೇಳುವುದನ್ನು ಅವರದೇ ದನಿಯಲ್ಲಿ ಸೇರಿಸಬಹುದು. ಆಮೇಲೆ ನಕ್ಷೆ: ಲಕ್ಕವಳ್ಳಿಯಲ್ಲಿ ಕಟ್ಟೆ. ಅಲ್ಲಿಂದ ಒಂದು ಗೆರೆ ನಾಲೆಯಾಗಿ ದಾವಣಗೆರೆಯತ್ತ ನಿಧಾನವಾಗಿ ಬೆಳೆಯುತ್ತದೆ. ಇನ್ನೊಂದು ಗೆರೆ ಹೊಳೆಯಾಗಿಯೇ ಹರಿದು, ಕೂಡಲಿಯಲ್ಲಿ ತುಂಗೆಯನ್ನು ಸೇರಿ, ತುಂಗಭದ್ರೆಯಾಗಿ ಹರಿಹರದ ಮಗ್ಗುಲಿಗೆ ಬರುತ್ತದೆ. ಒಂದೇ ಭದ್ರೆ, ಎರಡು ದಾರಿ. ಚಾರ್ಟಿನ ಮೇಲೆ ನಿಂತೇ ಇರುತ್ತಿದ್ದ ಗೆರೆ ಇಲ್ಲಿ ಚಲಿಸುತ್ತದೆ. ಆಕೆ ಅಲ್ಲಿ ಸ್ಲೈಡನ್ನು ನಿಲ್ಲಿಸಿ, ಮಕ್ಕಳ ಕಡೆ ತಿರುಗಬೇಕು. ನಾಲೆಯ ಕೊನೆಭಾಗದ ಹಳ್ಳಿಯ ಹುಡುಗನೊಬ್ಬ ಅಲ್ಲಿದ್ದೇ ಇರುತ್ತಾನೆ. ‘ಟೀಚರ್, ನಮ್ಮ ಹೊಲದ ತನಕ ಯಾಕೆ ಬರಲ್ಲ ನೀರು?’ ಎಂದು ಕೇಳುತ್ತಾನೆ.